ಹಳೆಯ ಆಫೀಸ್ ಕಂಪ್ಯೂಟರಿಗೆ ಇಪ್ಪತ್ತು ಸಾವಿರದೊಳಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಹಾಸನದ ವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದೇನೆ. ಅಪ್ಪನ ಕಚೇರಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಿದಾಗ ಒಂದು ನಮ್ಮ ಮನೆಗೆ ಬಂತು. ಇಂಟೆಲ್ ಕೋರ್ ಐ5-4570 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎದ್ದು ನಿಲ್ಲುವ ಟವರ್ ಕ್ಯಾಬಿನೆಟ್, ಅದರೊಳಗೆ 290 ವ್ಯಾಟ್ ಎಂದು ಬರೆದಿರುವ, ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, 1920×1080 ಅಳತೆಯ 60 ಹರ್ಟ್ಸ್ ಮಾನಿಟರ್. ಹಾರ್ಡ್ ಡಿಸ್ಕ್ ತೆಗೆದು ನಾನೇ ಒಂದು ಎಸ್‌ಎಸ್‌ಡಿ ಹಾಕಿಕೊಂಡಿದ್ದೇನೆ. ಎರಡು ವರ್ಷ ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳಿ ಉಳಿಸಿದ 20,000 ರೂಪಾಯಿ ಕೈಯಲ್ಲಿದೆ. ಅದಕ್ಕಿಂತ ಒಂದು ರೂಪಾಯಿಯನ್ನೂ ಅಪ್ಪನ ಬಳಿ ಕೇಳುವ ಹಾಗಿಲ್ಲ.

ಆಡಬೇಕೆಂದಿರುವುದು ಕೌಂಟರ್ ಸ್ಟ್ರೈಕ್ 2 ಮತ್ತು ಜಿಟಿಎ 5. ಸಾಧ್ಯವಾದರೆ ಮುಂದೆ ಸೈಬರ್‌ಪಂಕ್ 2077. ಅಂಗಡಿಯವರೊಬ್ಬರು ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು 14,000ಕ್ಕೆ ಕೊಡುತ್ತೇನೆ, ಇದೇ ನಿಮಗೆ ಸರಿಯಾದದ್ದು ಎನ್ನುತ್ತಿದ್ದಾರೆ. ಎನ್‌ವಿಡಿಯ ಕಂಪನಿಯ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಗೆ 16,800, ಆರ್‌ಎಕ್ಸ್ 6600ಕ್ಕೆ 21,000 ಹೇಳಿದರು. ಸಹಪಾಠಿಯೊಬ್ಬ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಆರು ಸಾವಿರಕ್ಕೆ ಸಿಗುತ್ತದೆ, ಉಳಿದ ಹಣದಲ್ಲಿ ಒಳ್ಳೆಯ ಮಾನಿಟರ್ ತೆಗೆದುಕೋ ಎನ್ನುತ್ತಾನೆ. ವಿಡಿಯೊಗಳನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಬಲ್ಲವರು ದಾರಿ ತೋರಿಸಬೇಕು.

ಚಿಕ್ಕಮಗಳೂರಿನ ರಿಪೇರಿಗಾರ:

ಹದಿನಾಲ್ಕು ವರ್ಷಗಳಿಂದ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮತ್ತು ರಿಪೇರಿ ಮಾಡುತ್ತಿರುವ ಅನುಭವದಿಂದ ಹೇಳುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿರುವ ಅತಿ ಮುಖ್ಯವಾದ ಅಂಕಿ ಕಾರ್ಡಿನ ಬೆಲೆಯಲ್ಲ, ಆ 290 ವ್ಯಾಟ್. ನನ್ನ ಬಳಿಗೆ ಬರುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾರ್ಡನ್ನು ಕೊಂಡ ಮೇಲೆ ಕ್ಯಾಬಿನೆಟ್ ಬಿಚ್ಚುತ್ತಾರೆ. ನೀವು ಕೊಳ್ಳುವ ಮೊದಲೇ ಬಿಚ್ಚಿ ನೋಡಿದ್ದೀರಿ ಎಂಬುದೇ ಸಮಾಧಾನ.

ದೊಡ್ಡ ಕಂಪನಿಗಳು ಕಚೇರಿಗಳಿಗೆಂದು ಮಾಡಿದ ಇಂಥ ಯಂತ್ರಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ವಿದ್ಯುತ್ ಕನೆಕ್ಟರ್ ಅನೇಕ ವೇಳೆ ಎಲ್ಲೆಡೆ ಸಿಗುವ 24 ಪಿನ್ನಿನದಾಗಿರುವುದಿಲ್ಲ, ಕಂಪನಿಯ ಸ್ವಂತ ವಿನ್ಯಾಸದ 8 ಅಥವಾ 6 ಪಿನ್ನಿನದಾಗಿರುತ್ತದೆ. ಆದ್ದರಿಂದ ಅಂಗಡಿಯಿಂದ ಹೊಸ ಎಸ್‌ಎಂಪಿಎಸ್ ತಂದು ನೇರವಾಗಿ ಜೋಡಿಸಲಾಗದು, ನಡುವೆ ಒಂದು ಅಡಾಪ್ಟರ್ ಕೇಬಲ್ ಬೇಕು. ಇನ್ನು ಕಾರ್ಡಿಗೆ ಪ್ರತ್ಯೇಕವಾಗಿ ಕರೆಂಟ್ ಕೊಡುವ 6 ಅಥವಾ 8 ಪಿನ್ ತಂತಿ ಅದರಲ್ಲಿ ಇರುವ ಸಾಧ್ಯತೆ ಕಡಿಮೆ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್ ಬೇಕು, ಒಂದು 8 ಪಿನ್ ತಂತಿ ಬೇಕು, ಎಎಂಡಿ ಕಂಪನಿಯೇ ಕನಿಷ್ಠ 450 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎನ್ನುತ್ತದೆ. ಆರ್‌ಎಕ್ಸ್ 580 ಅಂತೂ 185 ವ್ಯಾಟ್ ನುಂಗುತ್ತದೆ. ನಿಮ್ಮ ಪೆಟ್ಟಿಗೆಗೆ ಇವೆರಡೂ ಮೂಗಿಗಿಂತ ಮೂಗುತಿ ಭಾರ ಎಂಬಂತೆ.

ಈಗ ಆರ್‌ಎಕ್ಸ್ 6500 ಎಕ್ಸ್‌ಟಿ ವಿಚಾರ. 2022ರ ಜನವರಿಯಲ್ಲಿ 199 ಡಾಲರಿಗೆ ಬಂದ ಈ ಕಾರ್ಡ್ ಮದರ್‌ಬೋರ್ಡಿನ ಉದ್ದನೆಯ ಸ್ಲಾಟಿನಲ್ಲಿ ಕೂತರೂ ಒಳಗೆ ಬಳಸುವುದು ನಾಲ್ಕೇ ಲೇನ್‌ಗಳನ್ನು. ಲೇನ್ ಎಂದರೆ ಪ್ರೊಸೆಸರಿಗೂ ಕಾರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ. ಸ್ಲಾಟಿನ ಮಾನಕವಾದ ಪಿಸಿಐಇಯ 4.0 ಆವೃತ್ತಿ ಇರುವ ಹೊಸ ಬೋರ್ಡಿನಲ್ಲಿ ಆ ನಾಲ್ಕು ದಾರಿಗಳು ಹೇಗೋ ಸಾಲುತ್ತವೆ. ನಿಮ್ಮದು ನಾಲ್ಕನೆಯ ತಲೆಮಾರಿನ ಇಂಟೆಲ್, ಅಲ್ಲಿರುವುದು ಪಿಸಿಐಇ 3.0, ಅಂದರೆ ಪ್ರತಿ ದಾರಿಯ ಅಗಲ ಅರ್ಧದಷ್ಟು. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ ಮಾತ್ರವಾದ್ದರಿಂದ ಆಟದ ಚಿತ್ರಗಳು ಅದರಲ್ಲಿ ತುಂಬಿಹೋದೊಡನೆ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ಆ ಕಿರಿದಾದ ದಾರಿಯಲ್ಲೇ ಎಳೆದುಕೊಳ್ಳಬೇಕಾಗುತ್ತದೆ, ಆಗ ಆಟ ಹೆಜ್ಜೆ ಹೆಜ್ಜೆಗೂ ತಡವರಿಸುತ್ತದೆ. ಇದರಲ್ಲಿ ವಿಡಿಯೊ ರೆಕಾರ್ಡ್ ಮಾಡಿಕೊಳ್ಳುವ ಎನ್‌ಕೋಡರ್ ಕೂಡ ಇಲ್ಲ. ಸಾಲದ್ದಕ್ಕೆ ಇದಕ್ಕೂ ಪ್ರತ್ಯೇಕ ವಿದ್ಯುತ್ ತಂತಿ ಬೇಕು. ಹೊಸ ಬೋರ್ಡ್ ಇರುವವನಿಗೇ ನಾನು ಇದನ್ನು ಕೊಡಲು ಹಿಂಜರಿಯುತ್ತೇನೆ. ನಿಮಗೆ ಬೇಡವೇ ಬೇಡ.

ಉಳಿಯುವುದು ಆರ್‌ಟಿಎಕ್ಸ್ 3050, 6 ಜಿಬಿ. 2024ರ ಫೆಬ್ರವರಿಯಲ್ಲಿ ಬಂದ ಇದು 2022ರಲ್ಲಿ ಬಂದ 8 ಜಿಬಿಯ 3050ಕ್ಕಿಂತ ಎಲ್ಲ ರೀತಿಯಲ್ಲೂ ಕಡಿಮೆಯದು: ಕೋರ್‌ಗಳು 2560ರ ಬದಲು 2304, ಮೆಮೊರಿಯ ಅಗಲ 128 ಬಿಟ್ಟಿನ ಬದಲು 96 ಬಿಟ್. ಎರಡಕ್ಕೂ ಒಂದೇ ಹೆಸರಿಟ್ಟು ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸಿದ್ದೇನೆ. ಆದರೂ ನಿಮ್ಮಂಥವರಿಗೆ ಇದು ಒದಗಿಬರುವುದಕ್ಕೆ ಕಾರಣ ಅದರ 70 ವ್ಯಾಟ್. ಸ್ಲಾಟ್ ಒಂದೇ 75 ವ್ಯಾಟ್ ಕೊಡಬಲ್ಲದು, ಆದ್ದರಿಂದ ಇದರ ಬಹುತೇಕ ಮಾದರಿಗಳಿಗೆ ಬೇರೆ ತಂತಿಯೇ ಬೇಡ. ಬಳಸುವ ದಾರಿಗಳು ಎಂಟು. ಎನ್‌ವಿಡಿಯ 300 ವ್ಯಾಟಿನ ಎಸ್‌ಎಂಪಿಎಸ್ ಕೇಳುತ್ತದೆ, ನಿಮ್ಮದು ಹತ್ತು ಕಡಿಮೆ. ಆದರೆ ಪ್ರೊಸೆಸರಿಗೆ 84, ಕಾರ್ಡಿಗೆ 70, ಮಿಕ್ಕ ಎಲ್ಲಕ್ಕೂ 40 ಎಂದು ಹಿಡಿದರೂ 194 ಆಗುತ್ತದೆ. ಆ ಅಂಕಿಯನ್ನು ನೋಡಿ ನಾನು ಹೆದರುವುದಿಲ್ಲ.

ಸಕಲೇಶಪುರದ ಬೆಳೆಗಾರ:

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಬಗ್ಗೆ ನನ್ನ ಪಾಡನ್ನು ಹೇಳಿಕೊಂಡರೆ ನಿಮ್ಮ ಸಹಪಾಠಿಗೂ ಉಪಯೋಗವಾದೀತು. 2023ರಲ್ಲಿ ಕಾಫಿ ಮಾರಿದ ದುಡ್ಡು ಕೈಯಲ್ಲಿದ್ದಾಗ ಮಗನಿಗೆಂದು ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ 6,500ಕ್ಕೆ ಒಂದನ್ನು ತರಿಸಿದೆ. ಪೆಟ್ಟಿಗೆ ಹೊಸದು, ಬಿಲ್ ಇಲ್ಲ. ಎರಡು ತಿಂಗಳು ಚೆನ್ನಾಗಿ ಓಡಿತು. ಜುಲೈ ಮಳೆ ಹಿಡಿದ ಮೇಲೆ ಒಂದು ಫ್ಯಾನ್ ಕಿರುಗುಟ್ಟತೊಡಗಿತು, ಆಮೇಲೆ ಪರದೆಯ ಮೇಲೆ ಹಸಿರು ಚುಕ್ಕೆಗಳು, ಕೊನೆಗೆ ಆಟ ಶುರುವಾದ ಹತ್ತು ನಿಮಿಷಕ್ಕೆ ಕಂಪ್ಯೂಟರ್ ತಾನಾಗಿ ಬಂದ್. ಮಾರಾಟಗಾರನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು.

ತಿಳಿದವರೊಬ್ಬರಿಗೆ ತೋರಿಸಿದಾಗ ಎರಡು ಸಂಗತಿ ಹೊರಬಿದ್ದವು. ಒಂದು, ಅದು ಡಿಜಿಟಲ್ ನಾಣ್ಯಗಳ ಗಣಿಗಾರಿಕೆಗೆ, ಅಂದರೆ ಲೆಕ್ಕ ಬಿಡಿಸಿ ಹೊಸ ನಾಣ್ಯ ಗಳಿಸುವ ಕೆಲಸಕ್ಕೆ, ದುಡಿದ ಕಾರ್ಡ್. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ತನ್ನ ವ್ಯವಸ್ಥೆಯನ್ನೇ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ಗಳಿಂದ ನಡೆಯುತ್ತಿದ್ದ ತನ್ನ ಗಣಿಗಾರಿಕೆಯನ್ನು ಕೊನೆಗೊಳಿಸಿದಾಗ, ಹಗಲು ರಾತ್ರಿ ಉರಿದ ಇಂಥ ಕಾರ್ಡುಗಳು ರಾಶಿ ರಾಶಿಯಾಗಿ ಹಳೆಯ ಮಾರುಕಟ್ಟೆಗೆ ಬಂದವಂತೆ. ಎರಡು, ಅದು ನಿಜವಾದ 580 ಕೂಡ ಅಲ್ಲ, 2048ಎಸ್‌ಪಿ ಎಂಬ ಮಾದರಿ. ನಿಜವಾದ 580ರಲ್ಲಿ 2304 ಸಂಸ್ಕರಣಾ ಘಟಕಗಳು ಇರುತ್ತವೆ; 2048 ಇರುವುದು ಹೆಸರು ಬದಲಿಸಿಕೊಂಡ 570 ಎಂದೇ ತಿಳಿಯಬೇಕು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದರೆ ಶೇಡರ್‌ಗಳ, ಅಂದರೆ ಆ ಘಟಕಗಳ, ಸಂಖ್ಯೆ ಕಣ್ಣೆದುರೇ ಕಾಣುತ್ತದೆ. ಅದನ್ನು ಕೊಳ್ಳುವ ಮೊದಲು ನೋಡುವಷ್ಟು ವಿವೇಕ ನನಗಿರಲಿಲ್ಲ.

ಚಿಕ್ಕಮಗಳೂರಿನ ರಿಪೇರಿಗಾರ:

ಗಣಿಗಾರಿಕೆಯಲ್ಲಿ ದುಡಿದದ್ದೆಲ್ಲ ಕೆಟ್ಟದ್ದೇ ಎಂದು ನಾನು ಹೇಳುವುದಿಲ್ಲ. ಒಂದೇ ಉಷ್ಣತೆಯಲ್ಲಿ ಸತತವಾಗಿ ಓಡಿದ ಚಿಪ್ ಅನೇಕ ಸಲ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗುವುದು ಫ್ಯಾನಿನ ಬೇರಿಂಗ್, ಒಣಗಿದ ಥರ್ಮಲ್ ಪೇಸ್ಟ್, ಮೆಮೊರಿ ಚಿಪ್ಪುಗಳ ಮೇಲಿನ ಪ್ಯಾಡ್. ಜೊತೆಗೆ ಗಣಿಗಾರರು ಮೆಮೊರಿಯ ವೇಗವನ್ನು ತಿದ್ದಿದ ಬಯಾಸನ್ನು (ಕಾರ್ಡನ್ನು ನಡೆಸುವ ಮೂಲ ತಂತ್ರಾಂಶವನ್ನು) ಕಾರ್ಡಿಗೆ ಬರೆದಿರುತ್ತಾರೆ, ಮಾರುವಾಗ ಮೂಲ ಬಯಾಸನ್ನು ಹಿಂದಕ್ಕೆ ಹಾಕಿರುವುದಿಲ್ಲ. ಹಸಿರು ಚುಕ್ಕೆಗಳಿಗೆ ಅದೂ ಕಾರಣವಾಗಿರಬಹುದು. ಹಳೆಯದನ್ನೇ ಕೊಳ್ಳುವುದಾದರೆ ಮಾರುವವರ ಮನೆಯಲ್ಲಿ ಕಂಪ್ಯೂಟರಿಗೆ ಹಾಕಿಸಿ, ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ಎಂಬ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಕಣ್ಣಿನಷ್ಟೇ ಮೂಗು ಮತ್ತು ಕಿವಿಗೂ ಕೆಲಸ ಕೊಡಿ. ಮಲೆನಾಡಿನಲ್ಲಿ ಇನ್ನೊಂದನ್ನು ನೋಡಬೇಕು: ತಿರುಪುಗಳ ತಲೆಯಲ್ಲಿ, ಎಚ್‌ಡಿಎಂಐ ಸಾಕೆಟ್ಟಿನ ಅಂಚಿನಲ್ಲಿ ತುಕ್ಕು ಅಥವಾ ಹಸಿರು ಕಿಲುಬು ಇದ್ದರೆ ಆ ಕಾರ್ಡ್ ಎರಡು ಮಳೆಗಾಲ ಥಂಡಿಯಲ್ಲಿ ಕಳೆದಿದೆ ಎಂದೇ ಅರ್ಥ.

ಅರಸೀಕೆರೆಯ ಗೇಮರ್:

3050 ಕೊಳ್ಳಿ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ರಿಪೇರಿ ಅಣ್ಣನವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. 16,800 ರೂಪಾಯಿಗೆ 3050ರ 6 ಜಿಬಿ ಕೊಳ್ಳುವುದು ನಷ್ಟದ ವ್ಯಾಪಾರ. ಇನ್ನು ನಾಲ್ಕು ಸಾವಿರ ಸೇರಿಸಿದರೆ ಸಿಗುವ ಆರ್‌ಎಕ್ಸ್ 6600, 1080 ಅಳತೆಯಲ್ಲಿ ಅದಕ್ಕಿಂತ ಸುಮಾರು ಒಂದೂವರೆ ಪಟ್ಟು ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕೊಡುತ್ತದೆ. ಮೆಮೊರಿಯೂ 8 ಜಿಬಿ. ಕೊಟ್ಟ ಪ್ರತಿ ಸಾವಿರಕ್ಕೆ ಎಷ್ಟು ಫ್ರೇಮ್ ಬಂತು ಎಂಬುದೇ ಅಳತೆಗೋಲಾದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಾಗಿಲ್ಲ.

ನಿಜವಾದ ತೊಡಕು ಪ್ರೊಸೆಸರ್. ಐ5-4570 ಎಂಬುದು 2013ರದು, ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಮ್ಮೆಗೆ ನಾಲ್ಕೇ ಕೆಲಸ. ಸೈಬರ್‌ಪಂಕ್ ತಯಾರಕರು 2023ರಲ್ಲಿ ಕನಿಷ್ಠ ಅರ್ಹತೆಯನ್ನು ಕೋರ್ ಐ7-6700, 12 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಏರಿಸಿದ್ದಾರೆ. ವಿಂಡೋಸ್ 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಅಡಿಪಾಯದ ಮೇಲೆ ಹದಿನೇಳು ಸಾವಿರ ಸುರಿಯುವ ಬದಲು ಆರು ತಿಂಗಳು ಕಾದು, ಹಳೆಯ ರೈಜನ್ 5 3600 ಪ್ರೊಸೆಸರ್ ಮತ್ತು ಅದಕ್ಕೆ ಹೊಂದುವ ಬಿ450 ಬೋರ್ಡ್ ತೆಗೆದುಕೊಂಡು, ಅದರ ಮೇಲೆ 6600 ಕೂರಿಸಿದರೆ ಐದು ವರ್ಷ ನಿಶ್ಚಿಂತೆ.

ಹಾಸನದ ವಿದ್ಯಾರ್ಥಿ:

ಅರಸೀಕೆರೆಯವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ 6600 ಬೇಕಾದರೆ ಎಸ್‌ಎಂಪಿಎಸ್ ಬದಲಿಸಬೇಕು, ಅದಕ್ಕೆ ಅಡಾಪ್ಟರ್ ಕೇಬಲ್ ಹುಡುಕಬೇಕು. ಕಾರ್ಡೇ 21,000, ಎಲ್ಲ ಸೇರಿ 25,000 ದಾಟುತ್ತದೆ. ಹೊಸ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಎಂದರೆ ನನ್ನ ಮಟ್ಟಿಗೆ ಇನ್ನೊಂದು ವರ್ಷದ ಪಾಠ. ನನ್ನ ಮಾನಿಟರ್ 60 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಫ್ರೇಮ್ ಬಂದರೂ ಪರದೆ ತೋರಿಸುವುದು 60ನ್ನೇ ಅಲ್ಲವೇ? ಹಾಗಿರುವಾಗ ಒಂದೂವರೆ ಪಟ್ಟು ಫ್ರೇಮನ್ನು ನಾನು ಎಲ್ಲಿ ಖರ್ಚು ಮಾಡಲಿ?

ಅರಸೀಕೆರೆಯ ಗೇಮರ್:

ಈ ಕೊನೆಯ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರ ಇಲ್ಲ. ಕೌಂಟರ್ ಸ್ಟ್ರೈಕಿನಂಥ ಆಟದಲ್ಲಿ ಪರದೆ 60 ಹರ್ಟ್ಸಿನದಾದರೂ ಫ್ರೇಮ್ ಹೆಚ್ಚಿದ್ದರೆ ಮೌಸಿನ ಸ್ಪಂದನೆ ಚುರುಕಾಗುತ್ತದೆ ಎಂಬುದು ನಿಜ. ಆದರೆ ಆ ಆಟದಲ್ಲಿ ನಿಮ್ಮ ಪ್ರೊಸೆಸರೇ ಮೊದಲು ಕೈಚೆಲ್ಲುವುದರಿಂದ 6600 ಹಾಕಿದರೂ ಅದು ಅರ್ಧ ನಿದ್ರೆಯಲ್ಲಿರುತ್ತದೆ. ಸೈಬರ್‌ಪಂಕ್ ಬಗ್ಗೆ ಮಾತ್ರ ನನ್ನ ಎಚ್ಚರಿಕೆ ಇರಲಿ: ಜನಜಂಗುಳಿಯ ಬೀದಿಗಳಲ್ಲಿ ಆ ನಾಲ್ಕು ಕೋರ್ ಏದುಸಿರು ಬಿಡುತ್ತವೆ.

ಕಡೂರಿನ ಶಿಕ್ಷಕಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಂಟನೆಯ ತರಗತಿಯ ಮಗನಿಗೆ ಹೊಸ ಕಂಪ್ಯೂಟರ್ ಕೊಡಿಸಬೇಕೆಂದಿದ್ದೇವೆ. ಓದು, ಪ್ರಾಜೆಕ್ಟ್, ರಜೆಯಲ್ಲಿ ಮೈನ್‌ಕ್ರಾಫ್ಟ್ ಮತ್ತು ಫುಟ್‌ಬಾಲ್ ಆಟ. ಇಷ್ಟಕ್ಕೂ ಕಾರ್ಡ್ ಬೇಕೇ ಬೇಕೇ?

ಚಿಕ್ಕಮಗಳೂರಿನ ರಿಪೇರಿಗಾರ:

ಬೇಡ ಮೇಡಂ. ರೈಜನ್ 5 5600ಜಿ ಎಂಬ ಪ್ರೊಸೆಸರಿನೊಳಗೇ ಇಷ್ಟಕ್ಕೆ ಸಾಲುವ ಗ್ರಾಫಿಕ್ಸ್ ಇದೆ. ಆದರೆ 16 ಜಿಬಿಯ ಒಂದು ರ‍್ಯಾಮ್ ಕಡ್ಡಿ ಹಾಕಿಸಬೇಡಿ, 8 ಜಿಬಿಯ ಎರಡನ್ನು ಹಾಕಿಸಿ. ಒಳಗಿರುವ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲದೆ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ ಎರಡು ಕಡ್ಡಿಗಳಿದ್ದರೆ ದಾರಿ ಎರಡಾಗುತ್ತದೆ, ಆಟದಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಒಂದೇ ಕಡ್ಡಿ ಹಾಕಿ ಕಳಿಸುವುದು ಅಂಗಡಿಯವರಿಗೆ ಸುಲಭ, ಕೇಳಿದರೆ ಎರಡು ಹಾಕಿಕೊಡುತ್ತಾರೆ. ಮುಂದೆ ಮಗ ಕಾರ್ಡ್ ಕೇಳಿದರೆ ಸೇರಿಸಲು ಅನುಕೂಲವಾಗುವಂತೆ ಎಸ್‌ಎಂಪಿಎಸ್ ಮಾತ್ರ ಈಗಲೇ ಒಳ್ಳೆಯ 500 ವ್ಯಾಟಿನದು ಇರಲಿ.

ಮೂಡಿಗೆರೆಯ ಓದುಗ:

ಇಂಟೆಲ್‌ನವರ ಆರ್ಕ್ ಬಿ580 ಕಾರ್ಡಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? 2024ರ ಡಿಸೆಂಬರಿನಲ್ಲಿ 249 ಡಾಲರಿಗೆ 12 ಜಿಬಿ ಮೆಮೊರಿ ಕೊಟ್ಟಾಗ ಅಂತರ್ಜಾಲವೆಲ್ಲ ಕೊಂಡಾಡಿತ್ತು. ವಿದ್ಯಾರ್ಥಿಯವರು ಇನ್ನೊಂದಿಷ್ಟು ಕೂಡಿಸಿ ಅದನ್ನೇ ಕೊಳ್ಳಬಾರದೇಕೆ?

ಅರಸೀಕೆರೆಯ ಗೇಮರ್:

ಹೊಸ ಕಂಪ್ಯೂಟರಿಗೆ ಅದು ಒಳ್ಳೆಯ ಕಾರ್ಡ್. ಆದರೆ ಆರ್ಕ್ ಸರಿಯಾಗಿ ಓಡಬೇಕಾದರೆ ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಮದರ್‌ಬೋರ್ಡಿನಲ್ಲಿ ಇರಲೇಬೇಕು. ಇಂಟೆಲ್ ಅಧಿಕೃತವಾಗಿ ಹೇಳುವುದು ಹತ್ತನೆಯ ತಲೆಮಾರಿನ ಪ್ರೊಸೆಸರುಗಳಿಂದ ಈಚೆಗೆ. ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹೆಚ್ಚು ಹೊರೆ ಹಾಕುವುದರಿಂದ, ಸೌಲಭ್ಯವಿರುವ ಬೋರ್ಡಿನಲ್ಲೂ ಪ್ರೊಸೆಸರ್ ದುರ್ಬಲವಾಗಿದ್ದರೆ ಕಾರ್ಡ್ ತನ್ನ ಶಕ್ತಿ ತೋರುವುದಿಲ್ಲ. 190 ವ್ಯಾಟ್ ಬೇರೆ. ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಲೇಬೇಕು: ಈ ಪೆಟ್ಟಿಗೆಯ ಮಟ್ಟಿಗೆ 3050ಕ್ಕೆ ಎದುರಾಳಿ ಇಲ್ಲ.

ಹಾಸನದ ವಿದ್ಯಾರ್ಥಿ:

ಹಾಗಾದರೆ 3050 ಎಂದು ಮನಸ್ಸು ಮಾಡಿದ್ದೇನೆ. ಎರಡು ಅನುಮಾನಗಳಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ಕಾರ್ಡ್ 16,100ಕ್ಕೆ ಸಿಗುತ್ತದಂತೆ, ಹೋಗಿ ತರಲೇ? ಇನ್ನೊಂದು, ನಮ್ಮ ಬೀದಿಯಲ್ಲಿ ಗುಡುಗು ಬಂದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ, ಅದಕ್ಕೇನು ಮಾಡಲಿ?

ಚಿಕ್ಕಮಗಳೂರಿನ ರಿಪೇರಿಗಾರ:

ಹಾಸನದಿಂದ ಬೆಂಗಳೂರು 180 ಕಿಲೋಮೀಟರಿಗಿಂತ ಹೆಚ್ಚು. 700 ರೂಪಾಯಿ ಉಳಿಸಲು ಹೋಗಿ ಬಸ್ ಚಾರ್ಜು, ಊಟ, ಒಂದು ದಿನದ ಪಾಠ ಕಳೆದುಕೊಳ್ಳುತ್ತೀರಿ. ನಾಳೆ ಕಾರ್ಡ್ ಕೈಕೊಟ್ಟರೆ ಮತ್ತೆ ಅಷ್ಟೇ ದೂರ. ಊರಿನ ಅಂಗಡಿಯಲ್ಲೇ ತೆಗೆದುಕೊಳ್ಳಿ, ಆದರೆ ಜಿಎಸ್‌ಟಿ ಸಹಿತ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಶೇಕಡ 18ರ ತೆರಿಗೆ ಉಳಿಸಿಕೊಡುತ್ತೇನೆ ಎನ್ನುವವರು ಇದ್ದಾರೆ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ವಾರಂಟಿ ಇಲ್ಲದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ 6 ಜಿಬಿ ಎಂದಿದೆಯೇ, ಕಾರ್ಡಿನ ಮೇಲಂಚಿನಲ್ಲಿ ವಿದ್ಯುತ್ ಸಾಕೆಟ್ ಇಲ್ಲವೇ ಎಂದು ಅಲ್ಲೇ ಬಿಚ್ಚಿ ನೋಡಿ, ಏಕೆಂದರೆ ಸಾಕೆಟ್ ಇರುವ ಮಾದರಿಗಳೂ ಅಲ್ಲೊಂದು ಇಲ್ಲೊಂದು ಇವೆ.

ಕರೆಂಟಿನ ವಿಚಾರ ನನ್ನ ಹೊಟ್ಟೆಪಾಡಿಗೆ ಹತ್ತಿರದ್ದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನ ನನ್ನ ಅಂಗಡಿಯಲ್ಲಿ ಸತ್ತ ಮದರ್‌ಬೋರ್ಡುಗಳ ಸಾಲು ನಿಂತಿರುತ್ತದೆ. ಸಿಡಿಲಿನ ಹೊತ್ತಿಗೆ ಯುಪಿಎಸ್ ಆಗಲಿ ಸ್ಟೆಬಿಲೈಸರ್ ಆಗಲಿ ನಂಬುವಂಥದ್ದಲ್ಲ; ಪ್ಲಗ್ ಕೀಳಬೇಕು, ಇಂಟರ್ನೆಟ್ಟಿನ ಲ್ಯಾನ್ ತಂತಿಯನ್ನೂ ಕೀಳಬೇಕು. ಅನೇಕರು ಎರಡನೆಯದನ್ನು ಮರೆಯುತ್ತಾರೆ. ಉಳಿದಂತೆ ಕರೆಂಟ್ ಹೋಗಿ ಬರುವುದಕ್ಕೆ 600 ವಿಎ ಯುಪಿಎಸ್ ಸಾಕು, ಅದು ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಮನೆಯ ದೀಪ, ಫ್ಯಾನಿಗೆ ಇಟ್ಟಿರುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಕಂಪ್ಯೂಟರ್ ಜೋಡಿಸಬೇಡಿ. ಎಲ್ಲಕ್ಕೂ ಮೊದಲು ನಿಮ್ಮ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ವೈರಿಂಗಿನವರಿಂದ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಇಲ್ಲ ಎಂದೇ ತಿಳಿಯಿರಿ.

ಕಡೂರಿನ ಶಿಕ್ಷಕಿ:

ಗೃಹಜ್ಯೋತಿಯ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಬಹುತೇಕ ಮನೆಗಳಿಗೆ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ, ಮೀರಿದ್ದಕ್ಕೆ ಹಣ ಕಟ್ಟಬೇಕು. ಇಡೀ ಕಂಪ್ಯೂಟರ್ ಆಟದ ವೇಳೆ 200 ವ್ಯಾಟ್ ಎಳೆದರೆ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 18 ಯೂನಿಟ್. ನಮ್ಮ ಮನೆಯವರಾದರೆ ಬಿಲ್ ಹಿಡಿದುಕೊಂಡು ಮೊದಲು ಕೇಳುವುದೇ ಇದನ್ನು.

ಹಾಸನದ ವಿದ್ಯಾರ್ಥಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಕಾರ್ಡನ್ನು ಹಾಸನದಲ್ಲೇ 16,800ಕ್ಕೆ ಕೊಂಡೆ. ಡಿಡಿಆರ್3 ರ‍್ಯಾಮ್ 8 ಜಿಬಿಯದನ್ನು ಹಳೆಯದು 900ಕ್ಕೆ ಸಿಕ್ಕಿತು, ಈಗ ಒಟ್ಟು 16. ಮಾನಿಟರಿನಲ್ಲಿ ಇದ್ದದ್ದು ವಿಜಿಎ ಎಂಬ ಹಳೆಯ ಸಾಕೆಟ್ ಮಾತ್ರ, ಕಾರ್ಡಿನಲ್ಲಿ ಅದು ಇಲ್ಲ ಎಂಬುದು ಜೋಡಿಸಲು ಕೂತಾಗ ತಿಳಿಯಿತು. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರಿಗೆ 350. ಒಟ್ಟು 18,050.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇತ್ತು, ಎದೆ ಧಸಕ್ಕೆಂದಿತು. ಕಾರ್ಡ್ ತೆಗೆದು ಕಂಪ್ಯೂಟರಿನ ಬಯಾಸಿಗೆ ಹೋಗಿ ನೋಡಿದರೆ ಬೂಟ್ ಲೆಗಸಿ ಎಂಬ ಹಳೆಯ ಪದ್ಧತಿಯಲ್ಲಿತ್ತು. ಯುಇಎಫ್‌ಐ ಎಂಬ ಹೊಸ ಪದ್ಧತಿಗೆ ಬದಲಿಸಿ, ವಿಂಡೋಸನ್ನು ಮತ್ತೆ ಹಾಕಿ, ಕಾರ್ಡ್ ಕೂರಿಸಿದ ಮೇಲೆ ಸರಿಯಾಯಿತು. ಕೌಂಟರ್ ಸ್ಟ್ರೈಕ್ ಮತ್ತು ಜಿಟಿಎ 60ರಲ್ಲಿ ನಿಂತಿವೆ. ಸೈಬರ್‌ಪಂಕ್‌ನಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿ ಎಂದು ಇಟ್ಟಿದ್ದೇನೆ. ಕಾರ್ಡ್ 1280×720ರಲ್ಲಿ ಚಿತ್ರ ಬಿಡಿಸಿ 1080ಕ್ಕೆ ಹಿಗ್ಗಿಸುತ್ತದೆ, ಊರಾಚೆ ಗಾಡಿ ಓಡಿಸುವಾಗ ಎಲ್ಲವೂ ನಯವಾಗಿದೆ. ಸಂತೆಯಂಥ ಬೀದಿಗೆ ಬಂದರೆ ಮಾತ್ರ ಅರಸೀಕೆರೆಯವರು ಹೇಳಿದ ಹಾಗೆಯೇ ಏದುಸಿರು. ಆಗ ಪ್ರೊಸೆಸರ್ ಶೇಕಡ 100, ಕಾರ್ಡ್ ಶೇಕಡ 60. ಆಟದಲ್ಲಿ ಜನಸಂದಣಿಯ ಆಯ್ಕೆಯನ್ನು ಕಡಿಮೆ ಮಾಡಿದ್ದರಿಂದ ಸ್ವಲ್ಪ ಸುಧಾರಿಸಿದೆ.

ಉಳಿದ 1,950 ರೂಪಾಯಿಯನ್ನು ಯುಪಿಎಸ್‌ಗೆಂದು ಎತ್ತಿಟ್ಟಿದ್ದೇನೆ, ಇನ್ನೊಂದಿಷ್ಟು ಸೇರಬೇಕು. ಕಾರ್ಡಿನ ಉಷ್ಣತೆ 71 ಡಿಗ್ರಿ ತೋರಿಸುತ್ತದೆ, ಅದು ಹೆಚ್ಚಾಯಿತೇ ಅಣ್ಣ?

ಚಿಕ್ಕಮಗಳೂರಿನ ರಿಪೇರಿಗಾರ:

ಹೆಚ್ಚಲ್ಲ, ನಿಶ್ಚಿಂತೆಯಿಂದಿರಿ. ಯುಪಿಎಸ್ ಬರುವವರೆಗೆ ಗುಡುಗಿದಾಗ ಪ್ಲಗ್ ಕೀಳುವುದನ್ನು ಮರೆಯಬೇಡಿ. ವಿಜಿಎ ಕನ್ವರ್ಟರ್ ಬಿಸಿಯಾಗಿ ಪರದೆ ಆಗಾಗ ಕಣ್ಣು ಮಿಟುಕಿಸಿದರೆ ಕಾರ್ಡಿನ ಮೇಲೆ ಅನುಮಾನ ಪಡಬೇಡಿ, ಮೊದಲು ಕನ್ವರ್ಟರನ್ನೇ ಬದಲಿಸಿ ನೋಡಿ.